ಹಿಮದೂರಿನಲ್ಲಿ ಬಾಡಿಗೆ ಮನೆ: ಮುಂಬಯಿ, ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗಿದು ಮುಂಬಯಿಯ ಮನೆಗಳಲ್ಲಿ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವ ಹೊತ್ತಿಗೆ ನನ್ನ ಫೋನಿಗೆ ಬರುವ ಕರೆಗಳೆಲ್ಲ ಮನಾಲಿಯ ಕಡೆ ತಿರುಗುತ್ತವೆ. ಹನ್ನೆರಡು ಚಳಿಗಾಲಗಳಿಂದ ಮನೆಯವರು, ನೆಂಟರು, ಮುಲುಂಡಿನ ನಮ್ಮ ಕಟ್ಟಡದವರು ಅಂತ ಎಂಟು ಹತ್ತು ಜನರನ್ನು ಕಟ್ಟಿಕೊಂಡು ಹೋಗಿ, ಅಲ್ಲಿ ಹೋಟೆಲು ಬಿಟ್ಟು ಮನೆ ಬಾಡಿಗೆಗೆ ಹಿಡಿದು ಇದ್ದು ಬರುತ್ತೇನೆ. ಮಾಟುಂಗಾದಲ್ಲಿ ಬಾಳೆಎಲೆ ಕೊಳ್ಳುವಾಗ ಸಿಕ್ಕವರು, ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಪುಣೆಯಿಂದ ಕಾಗದ ಬರೆದ ಹಿರಿಯರು ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲರೂ ಮೊದಲು ಕೇಳುವುದು ಕಿಟಕಿಯಿಂದ ಏನು ಕಾಣುತ್ತದೆ ಎಂದು. ದಾರಿ, ನೀರು, ಬೆಂಕಿ, ಈ ಮೂರನ್ನು ಮೊದಲು ಕೇಳಿ ಎಂದು ನಾನು ಹೇಳುತ್ತ ಬಂದಿದ್ದೇನೆ.

## ಮೊದಲ ಸಲ ಹೋಗುವವರಿಗೆ

ಹೋಟೆಲ್ ಇರುವಾಗ ಮನೆ ಯಾಕೆ ಹಿಡೀಬೇಕು?

ಇಬ್ಬರೇ ಹೋಗುವವರು, ಮೂರು ರಾತ್ರಿಗೆ ವಾಪಸ್ಸಾಗುವವರು ಹೋಟೆಲನ್ನೇ ಹಿಡಿಯಿರಿ. ಕರೆಂಟು ಹೋದರೆ ಜನರೇಟರು, ಹಸಿವಾದರೆ ರೂಮಿಗೇ ಊಟ, ಯಾವ ತಾಪತ್ರಯವೂ ಇಲ್ಲ. ಆರೇಳು ಜನ, ಐದಾರು ದಿನ ಎಂದಾಗ ಲೆಕ್ಕ ಬೇರೆ. ಹಿಮ ಬೀಳುವ ದಿನ ಹೊರಗೆ ಕಾಲಿಡಲು ಆಗುವುದಿಲ್ಲ. ಆ ದಿನ ಹೋಟೆಲಿನ ಮೂರು ರೂಮುಗಳಲ್ಲಿ ಮೂರು ಪಾಲಾಗಿ ಟಿವಿ ನೋಡುತ್ತ ಕೂರುತ್ತೀರಿ. ಮನೆಯಲ್ಲಾದರೆ ಒಲೆಯ ಸುತ್ತ ಎಲ್ಲರೂ ಒಂದೇ ಚಾಪೆಯ ಮೇಲೆ. ನನಗೆ ಮನಾಲಿ ಎಂದರೆ ಮೊದಲು ನೆನಪಾಗುವುದು ಆ ಚಾಪೆ.

ಬಾಡಿಗೆ ಮನೆಯಲ್ಲೂ ಬಗೆಗಳಿವೆ. ಹೋಮ್‌ಸ್ಟೇ ಎಂದರೆ ಮಾಲೀಕರು ಅದೇ ಮನೆಯಲ್ಲಿ ಇರುತ್ತಾರೆ, ಕೆಲವು ಕೋಣೆ ನಿಮಗೆ. ಕಾಟೇಜ್ ಎಂದರೆ ಇಡೀ ಮನೆ ನಿಮ್ಮದು, ನೋಡಿಕೊಳ್ಳಲು ಒಬ್ಬ ಕೇರ್‌ಟೇಕರ್. ಚಳಿಗಾಲದಲ್ಲಿ ಮೊದಲ ಸಲ ಹೋಗುವವರಿಗೆ ಹೋಮ್‌ಸ್ಟೇನೇ ಸರಿ. ರಾತ್ರಿ ಎರಡಕ್ಕೆ ನಲ್ಲಿ ನಿಂತರೆ, ಮಗುವಿಗೆ ಜ್ವರ ಬಂದರೆ ಕೆಳಗಿನ ಕೋಣೆಯಲ್ಲಿ ಊರಿನ ಮನುಷ್ಯರೇ ಇದ್ದಾರೆ ಎಂಬ ಧೈರ್ಯ ಸಣ್ಣದಲ್ಲ.

ಗುಲ್ಮಾರ್ಗ್, ಔಲಿ, ಮನಾಲಿ. ನಮಗೆ ಯಾವುದು ಸರಿಹೋಗುತ್ತೆ?

ಸ್ಕೀಯಿಂಗೇ ಮುಖ್ಯ, ಈಗಾಗಲೇ ಸ್ವಲ್ಪ ಬರುತ್ತದೆ ಎನ್ನುವವರಿಗೆ ಗುಲ್ಮಾರ್ಗ್‌ಗೆ ಸಮ ಇಲ್ಲ. ಊರೇ 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗೊಂಡೋಲಾ, ಅಂದರೆ ತಂತಿಯ ಮೇಲೆ ಸಾಗುವ ಕೇಬಲ್ ಕಾರ್, ಮೊದಲ ಹಂತದಲ್ಲಿ ಕೊಂಗ್ಡೂರಿಗೂ, ಎರಡನೇ ಹಂತದಲ್ಲಿ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್‌ವರೆಗೂ ಒಯ್ಯುತ್ತದೆ. ಆದರೆ ಅಲ್ಲಿ ಮನೆಗಳು ಕಡಿಮೆ, ಹೋಟೆಲುಗಳೇ ಹೆಚ್ಚು. ಮನೆಯಲ್ಲೇ ಇರಬೇಕೆಂದರೆ 13 ಕಿ.ಮೀ. ಕೆಳಗಿನ ತಂಗ್‌ಮಾರ್ಗ್ ನೋಡಬೇಕು.

ಔಲಿಯ ಇಳಿಜಾರು ಚೆಂದ, ನಂದಾದೇವಿ ಕಾಣುತ್ತದೆ. ಅದರ ಬುಡದಲ್ಲಿರುವ ಜೋಶಿಮಠ ಶಂಕರಾಚಾರ್ಯರ ಉತ್ತರದ ಪೀಠ. ನಮ್ಮ ಶೃಂಗೇರಿಯ ಒಡಹುಟ್ಟು ಎಂದೇ ಅನೇಕರು ಆಸೆಯಿಂದ ಕೇಳುತ್ತಾರೆ. ಈಗ ಅಧಿಕೃತವಾಗಿ ಅದರ ಹೆಸರು ಜ್ಯೋತಿರ್ಮಠ. 2023ರ ಜನವರಿಯಲ್ಲಿ ಅಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟವು, ಔಲಿಗೆ ಹೋಗುವ ರೋಪ್‌ವೇಯನ್ನೂ ಆಗ ನಿಲ್ಲಿಸಿದರು. ಅಲ್ಲಿ ಮನೆ ಹಿಡಿಯಲು ನಾನು ಯಾರಿಗೂ ಹೇಳುತ್ತಿಲ್ಲ.

ಮಕ್ಕಳು, ಮುದುಕರು, ಮೊದಲ ಸಲ ಹಿಮ ನೋಡುವವರು ಎಲ್ಲರೂ ಸೇರಿದ ಸಂಸಾರಕ್ಕೆ ಮನಾಲಿ. ಊರು 2,050 ಮೀಟರ್ ಎತ್ತರದಲ್ಲಿದೆ, ಸ್ಕೀ ಇಳಿಜಾರಿರುವ ಸೋಲಂಗ್ ಕಣಿವೆ ಅಲ್ಲಿಂದ 13 ಕಿ.ಮೀ. ಆಸ್ಪತ್ರೆ, ಔಷಧದಂಗಡಿ, ತರಕಾರಿ ಎಲ್ಲ ಕೈಗೆಟಕುತ್ತವೆ. ಮುಂದಿನ ಉತ್ತರಗಳೆಲ್ಲ ಮನಾಲಿಯ ಬಗ್ಗೆಯೇ.

ಕ್ರಿಸ್ಮಸ್ ರಜೆಗೆ ಹೋದ್ರೆ ಹಿಮ ಸಿಗೋದು ಗ್ಯಾರಂಟೀನಾ?

ಇಲ್ಲ. ಅಲ್ಲಿನ ಹಿಮ ತರುವುದು ನಮ್ಮ ಮುಂಗಾರಿನಂಥ ಮಾರುತವಲ್ಲ, ಮೆಡಿಟರೇನಿಯನ್ ಕಡೆಯಿಂದ ಹೊರಟು ಬರುವ ಮೋಡದ ಅಲೆಗಳು. ಹವಾಮಾನದವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರಲ್ಲ, ಅವು. ಅವು ಬಂದರೆ ಎರಡು ದಿನದಲ್ಲಿ ಮೊಣಕಾಲುದ್ದ ಹಿಮ, ಬಾರದಿದ್ದರೆ ಮೂರು ವಾರ ಒಣ ಬಿಸಿಲು. ಡಿಸೆಂಬರ್ ಪೂರ್ತಿ ಒಣಗಿ ಹೋದ ವರ್ಷಗಳನ್ನು ನಾನೇ ಕಂಡಿದ್ದೇನೆ. ಜನವರಿ ಮೂರನೇ ವಾರದಿಂದ ಫೆಬ್ರವರಿ ಕೊನೆಯವರೆಗೆ ಹೋದರೆ ಸೋಲಂಗ್‌ನಲ್ಲಿ ಹಿಮ ಸಿಗುವ ಸಾಧ್ಯತೆ ಹೆಚ್ಚು, ಬಾಡಿಗೆಯೂ ಇಳಿದಿರುತ್ತದೆ. ಶಾಲೆಯ ರಜೆಗೆ ಕಟ್ಟುಬಿದ್ದವರು ಡಿಸೆಂಬರ್‌ನಲ್ಲೇ ಹೋಗಿ. ಊರಲ್ಲಿ ಹಿಮ ಇಲ್ಲದಿದ್ದರೆ ಅಟಲ್ ಸುರಂಗ ದಾಟಿ ಬೆಟ್ಟದಾಚೆಯ ಲಾಹೌಲ್‌ನ ಸಿಸ್ಸು ಕಡೆ ಹೋದರೆ ಸಾಮಾನ್ಯವಾಗಿ ಸಿಗುತ್ತದೆ. 9.02 ಕಿ.ಮೀ. ಉದ್ದದ ಆ ಸುರಂಗ 2020ರ ಅಕ್ಟೋಬರ್ 3ರಂದು ತೆರೆಯಿತು. ಅದಕ್ಕೆ ಮುಂಚೆ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಮುಚ್ಚಿದರೆ ಲಾಹೌಲ್‌ಗೆ ಚಳಿಗಾಲವಿಡೀ ರಸ್ತೆಯೇ ಇರುತ್ತಿರಲಿಲ್ಲ.

ಮುಂಬಯಿಯಿಂದ ಹೋಗಿ ಸೇರೋದು ಹೇಗೆ? ಎಷ್ಟು ದಿನ ರಜೆ ಹಾಕಬೇಕು?

ಮುಂಬಯಿ, ಪುಣೆ ಎರಡೂ ಕಡೆಯವರಿಗೆ ವಿಮಾನದಲ್ಲಿ ಚಂಡೀಗಢಕ್ಕೆ ಹೋಗಿ, ಅಲ್ಲಿಂದ ಸುಮಾರು 300 ಕಿ.ಮೀ. ಟ್ಯಾಕ್ಸಿಯಲ್ಲಿ ಹೋಗುವುದು ಸುಲಭ. ರೈಲು ಬೇಕೆನ್ನುವವರು ಸಂಜೆ ಮುಂಬಯಿ ಸೆಂಟ್ರಲ್‌ನಲ್ಲಿ ರಾಜಧಾನಿ ಹತ್ತಿ ಬೆಳಿಗ್ಗೆ ದೆಹಲಿ ಸೇರಿ, ಅಂದೇ ಸಂಜೆ ಕಾಶ್ಮೀರಿ ಗೇಟ್‌ನಿಂದ ಹಿಮಾಚಲ ಸಾರಿಗೆಯ ವೋಲ್ವೊ ಹಿಡಿಯಬಹುದು. ಮನಾಲಿಗೆ 50 ಕಿ.ಮೀ. ಹತ್ತಿರದ ಭುಂತರ್‌ನಲ್ಲಿ ವಿಮಾನ ನಿಲ್ದಾಣ ಇದೆ. ಆದರೆ ಅದು ಕಣಿವೆಯೊಳಗಿನ ಸಣ್ಣ ರನ್‌ವೇ, ಮೋಡ ಕವಿದರೆ ಹಾರಾಟ ರದ್ದು. ಅದನ್ನೇ ನಂಬಿ ಕೂರಬೇಡಿ.

ಹೋಗಲು ಬರಲು ಬಿಟ್ಟು ಐದು ರಾತ್ರಿ ಮನೆಯಲ್ಲಿರಿ. ಜೊತೆಗೆ ವಾಪಸು ಬರುವ ಕಡೆಗೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಮಂಡಿ ಪಟ್ಟಣದ ಆಚೆ ರಸ್ತೆಗೆ ಕಲ್ಲು ಜಾರಿದರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

## ಮನೆ ಆರಿಸುವಾಗ

ಊರಿನ ಯಾವ ಭಾಗದಲ್ಲಿ ಹಿಡಿಯೋದು ಒಳ್ಳೇದು?

ಬಿಯಾಸ್ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ಊರು ಎರಡೂ ದಂಡೆಗೆ ಹರಡಿದೆ. ಪಶ್ಚಿಮ ದಂಡೆಯ ಹಳೆ ಮನಾಲಿಗೆ ಬೆಳಗಿನ ಬಿಸಿಲು, ಪೂರ್ವ ದಂಡೆಯ ವಶಿಷ್ಠಕ್ಕೆ ಮಧ್ಯಾಹ್ನದ ಬಿಸಿಲು. ಚಳಿಗಾಲದಲ್ಲಿ ಇದು ಸಣ್ಣ ಮಾತಲ್ಲ. ಬೆಟ್ಟದ ನೆರಳಲ್ಲಿರುವ ಮನೆ ದಿನವಿಡೀ ಕೊರೆಯುತ್ತದೆ. "ಜನವರಿಯಲ್ಲಿ ನಿಮ್ಮ ಅಂಗಳಕ್ಕೆ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ?" ಎಂದು ಮಾಲೀಕರನ್ನು ಕೇಳಿ. ಅಲ್ಲೇ ಬಾಳುವವರು ತಡವರಿಸದೆ ಹೇಳುತ್ತಾರೆ.

ಹಳೆ ಮನಾಲಿಯಲ್ಲಿ ಕಲ್ಲು ಮರ ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಾಠ್‌ಕುಣಿ ಮನೆಗಳು ಇನ್ನೂ ಇವೆ. ಕಣ್ಣಿಗೆ ಹಬ್ಬ, ಆದರೆ ಓಣಿ ಕಿರಿದು, ಏರು ಕಡಿದು. ವಶಿಷ್ಠದಲ್ಲಿ ಬಿಸಿನೀರಿನ ಬುಗ್ಗೆ ಇದೆ, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕೊಳ. ಪ್ರೀಣಿ, ಅಲೇವು ಕಡೆ ಕಾರು ಸಲೀಸಾಗಿ ಹೋಗುವ ಮನೆಗಳು ಸಿಗುತ್ತವೆ, ಹಿರಿಯರಿದ್ದರೆ ನನ್ನ ಮೊದಲ ಆಯ್ಕೆ ಅದೇ. ವಾಜಪೇಯಿಯವರು ಬಂದು ಇರುತ್ತಿದ್ದ ಮನೆಯೂ ಪ್ರೀಣಿಯಲ್ಲೇ. ಸ್ಕೀಯೇ ಮುಖ್ಯವಾದವರು ಬುರುವಾ, ಶನಾಗ್, ಪಲ್ಚಾನ್ ಹಳ್ಳಿಗಳನ್ನು ನೋಡಿ. ಸೋಲಂಗ್ ಹತ್ತಿರ, ಹಿಮವೂ ಜಾಸ್ತಿ, ಆದರೆ ದಾರಿ ಕಟ್ಟುವುದೂ ಅಲ್ಲೇ ಮೊದಲು.

ಫೋಟೋದಲ್ಲಿ ತುಂಬಾ ಚೆನ್ನಾಗಿದೆ. ಬುಕ್ ಮಾಡಿಬಿಡಲಾ?

ನಾನೂ ಮೊದಲ ವರ್ಷ ಹಾಗೇ ಮಾಡಿದೆ. ಗೋಡೆಯಗಲದ ಗಾಜು, ಆಚೆ ದೇವದಾರು ಮರ, ಹಿಮದ ಬೆಟ್ಟ. ನೋಡಿದ ಕೂಡಲೇ ದುಡ್ಡು ಕಳಿಸಿದೆ. ತಲುಪಿದ್ದು ಸಂಜೆ ಐದೂವರೆಗೆ. ಟ್ಯಾಕ್ಸಿಯವನು ಓಣಿಯ ಬಾಯಲ್ಲಿ ನಿಲ್ಲಿಸಿ, "ಇನ್ನು ಮುಂದೆ ಗಾಡಿ ಹೋಗೋದಿಲ್ಲ, ನಡೀರಿ" ಅಂದ. ಮನೆ ಇದ್ದದ್ದು ನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲುಗಳ ಮೇಲೆ. ಹಿಂದಿನ ದಿನದ ಹಿಮ ತುಳಿದು ತುಳಿದು ಗಾಜಿನಂತಾಗಿತ್ತು. ಅಮ್ಮನಿಗೆ ಆಗ ಅರವತ್ತೆಂಟು. ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಟ್ಟರು, "ನೀವು ಹೋಗಿ, ನಾನು ಇಲ್ಲೇ ಇರ್ತೇನೆ" ಎಂದು. ಆಗ ಬೆನ್ನಿಗೆ ಬುಟ್ಟಿ ಹಾಕಿಕೊಂಡು ಇಳಿದು ಬರುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿದಳು. ಏನೂ ಮಾತಾಡದೆ ಪಕ್ಕದ ಮನೆಗೆ ಹೋಗಿ ಒಂದು ತಗಡಿನ ಡಬ್ಬಿ ತುಂಬ ಒಲೆಯ ಬೂದಿ ತಂದಳು. ಮುಂದೆ ಮುಂದೆ ಹತ್ತುತ್ತ ಒಂದೊಂದು ಮೆಟ್ಟಿಲಿಗೂ ಒಂದೊಂದು ಹಿಡಿ ಎರಚಿದಳು, ಹಿಂದೆ ಅಮ್ಮ ಆ ಬೂದಿಯ ಮೇಲೆ ಕಾಲಿಟ್ಟು ಹತ್ತಿದರು. ಅವಳ ಹೆಸರು ಕೇಳಲೂ ನನಗೆ ತೋಚಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅಂದಿನಿಂದ ನಾನು ಫೋಟೋ ನೋಡಿ ಮನೆ ಹಿಡಿದಿಲ್ಲ. ವಿಡಿಯೋ ಕರೆ ಮಾಡಿ, ಗಾಡಿ ನಿಲ್ಲುವ ಜಾಗದಿಂದ ಮನೆಯ ಬಾಗಿಲವರೆಗೆ ಫೋನ್ ಹಿಡಿದು ನಡೆದು ತೋರಿಸಿ ಎನ್ನುತ್ತೇನೆ. ಮೆಟ್ಟಿಲು ಎಣಿಸುತ್ತೇನೆ. ಹಿಮ ಬಿದ್ದ ಮರುದಿನ ಯಾರು ದಾರಿ ಬಿಡಿಸುತ್ತಾರೆ ಎಂದು ಕೇಳುತ್ತೇನೆ. ಇದಕ್ಕೆ ಬೇಸರ ಮಾಡಿಕೊಳ್ಳುವ ಮಾಲೀಕರು ಸಿಕ್ಕರೆ ಬೇರೆ ಮನೆ ನೋಡುತ್ತೇನೆ.

ಮುಂಜಾನೆದ್ದು ಜಳಕಕ್ಕ ಬಿಸಿನೀರು ಸಿಗ್ತದೇನ್ರಿ?

ಪುಣೆಯಲ್ಲಿರುವ ವಿಜಯಪುರದ ಹಿರಿಯರೊಬ್ಬರು ಕೇಳಿದ ಪ್ರಶ್ನೆ. ಸರಿಯಾದ ಪ್ರಶ್ನೆಯೇ. ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಹೊರಗೋಡೆಯ ಮೇಲೆ ಹಾಯಿಸಿದ ಪೈಪಿನೊಳಗೆ ನೀರು ಹೆಪ್ಪುಗಟ್ಟುತ್ತದೆ. ಬಿಸಿನೀರು ಇರಲಿ, ಬೆಳಿಗ್ಗೆ ಒಂಬತ್ತು ಹತ್ತರವರೆಗೆ ತಣ್ಣೀರೂ ಬರದ ಮನೆಗಳಿವೆ. ಗೀಸರ್ ಇದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ಪೈಪು ಒಳಗೋಡೆಯಲ್ಲಿದೆಯೇ ಹೊರಗೋಡೆಯಲ್ಲಿದೆಯೇ, ಟ್ಯಾಂಕ್ ಎಲ್ಲಿದೆ, ಗೀಸರ್ ವಿದ್ಯುತ್ತಿನದೋ ಸೋಲಾರೋ ಎಂದು ಕೇಳಿ. ಸೋಲಾರ್ ಮಾತ್ರ ಇದ್ದರೆ ಮೋಡದ ದಿನ ಸ್ನಾನ ಇಲ್ಲ.

ಬಲ್ಲವರು ರಾತ್ರಿ ಮಲಗುವ ಮುಂಚೆ ನಲ್ಲಿಯನ್ನು ಎಳೆಯಾಗಿ ಸುರಿಯುವಂತೆ ಬಿಟ್ಟಿರುತ್ತಾರೆ, ಹರಿಯುವ ನೀರು ಬೇಗ ಗಟ್ಟಿಯಾಗದು. ಮನೆಯವರು ಹಾಗೆ ಬಿಟ್ಟದ್ದನ್ನು ನೀರು ಪೋಲಾಗುತ್ತದೆಂದು ನೀವು ತಿರುಗಿಸಿ ನಿಲ್ಲಿಸಬೇಡಿ. ನಮ್ಮ ಮುಂಬಯಿಯ ಕೈಗೆ ಅದು ತಾನಾಗೇ ಬರುವ ಅಭ್ಯಾಸ. ಮಲಗುವಾಗ ಎರಡು ಬಕೆಟ್ ನೀರು ತುಂಬಿ ಬಚ್ಚಲಲ್ಲಿ ಇಟ್ಟುಕೊಳ್ಳಿ.

ರೂಮ್ ಹೀಟರ್ ಸಾಕಾಗಲ್ವಾ? ಈ ತಂದೂರ್ ಅಂದ್ರೆ ಏನು?

ಹೀಟರ್ ಕರೆಂಟನ್ನು ನೆಚ್ಚಿದ್ದು, ಭಾರೀ ಹಿಮ ಬಿದ್ದಾಗ ಮೊದಲು ಹೋಗುವುದೇ ಕರೆಂಟು. ಕುಲ್ಲು ಮನಾಲಿಯಲ್ಲಿ ತಂದೂರ್ ಎಂದರೆ ರೊಟ್ಟಿ ಸುಡುವ ಭಟ್ಟಿಯಲ್ಲ. ಕಟ್ಟಿಗೆ ಹಾಕಿ ಉರಿಸುವ ಕಬ್ಬಿಣದ ಒಲೆ, ಹೊಗೆ ಹೋಗಲು ಚಾವಣಿಯ ಆಚೆಗೆ ಕೊಳವೆ. ಕಾಶ್ಮೀರದವರು ಬುಖಾರಿ ಎನ್ನುತ್ತಾರೆ. ಇದಿರುವ ನಡುಕೋಣೆ ಬೆಚ್ಚಗಿರುತ್ತದೆ, ಮೇಲೆ ಕೆಟಲ್ ಸದಾ ಕುದಿಯುತ್ತಿರುತ್ತದೆ. ಮಲಗುವ ಕೋಣೆಗೆ ಎಲೆಕ್ಟ್ರಿಕ್ ಕಂಬಳಿ ಕೇಳಿ, ಹಾಸಿಗೆಗೆ ಹೋಗುವ ಅರ್ಧ ಗಂಟೆ ಮುಂಚೆ ಹಾಕಿ, ಮಲಗುವಾಗ ಆರಿಸಿ.

ಒಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕೊಳವೆ ಇಲ್ಲದ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಪ್ರತಿ ಚಳಿಗಾಲದಲ್ಲೂ ಬೆಟ್ಟದ ಊರುಗಳಿಂದ ಇಂಥ ಸುದ್ದಿ ಬರುತ್ತದೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೂ ಅದೇ ಭಯ. ಕಿಟಕಿ ತೆರೆದಿಟ್ಟೇ ಬಳಸಿ, ಕಿಟಕಿಯೇ ಇಲ್ಲದಿದ್ದರೆ ಆ ಮನೆ ಬೇಡ.

ಬಾಡಿಗೆ ಎಷ್ಟಾಗುತ್ತೆ? ಪೂರ್ತಿ ಹಣ ಮೊದಲೇ ಕಳಿಸಿ ಅಂತಿದ್ದಾರೆ, ಕಳಿಸಬಹುದಾ?

ಜನವರಿ, ಫೆಬ್ರವರಿಯ ವಾರದ ದಿನಗಳಲ್ಲಿ ಸಾಧಾರಣ ಹೋಮ್‌ಸ್ಟೇಯ ಕೋಣೆಗೆ ನಾನು ಈಚಿನ ವರ್ಷಗಳಲ್ಲಿ ರಾತ್ರಿಗೆ 1,500ರಿಂದ 3,000 ರೂಪಾಯಿ ಕೊಟ್ಟಿದ್ದೇನೆ. ಮೂರು ಕೋಣೆಯ ಇಡೀ ಕಾಟೇಜಿಗೆ 8,000ದಿಂದ 15,000. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಇದು ದುಪ್ಪಟ್ಟಾಗುತ್ತದೆ. ಹೀಟರ್, ಕಟ್ಟಿಗೆ ಬೇರೆ ಲೆಕ್ಕವೋ ಬಾಡಿಗೆಯಲ್ಲೇ ಸೇರಿದೆಯೋ ಎಂದು ಬರಹದಲ್ಲಿ ಕೇಳಿಕೊಳ್ಳಿ, ಜಗಳವೆಲ್ಲ ಅಲ್ಲೇ ಹುಟ್ಟುವುದು. ಜಿಎಸ್‌ಟಿ ಬಿಲ್ ಕೊಡುವವರಾದರೆ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5.

ಪೂರ್ತಿ ಹಣ ಕಳಿಸಬೇಡಿ. ಮೂರರಲ್ಲಿ ಒಂದು ಪಾಲು ಮುಂಗಡ ಕೊಡಿ. ಹಿಮಾಚಲದಲ್ಲಿ ಹೋಮ್‌ಸ್ಟೇ ನಡೆಸಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಅದರ ಪ್ರಮಾಣಪತ್ರದ ಫೋಟೋ ಕೇಳಿ. ಬೇರೆಯವರ ಮನೆಯ ಚಿತ್ರ ಕದ್ದು ಹಾಕಿ ಯುಪಿಐನಲ್ಲಿ ಹಣ ಎಳೆಯುವವರು ಇದ್ದಾರೆ, ನಮ್ಮ ಪರಿಚಯದವರೇ 22,000 ಕಳಕೊಂಡರು. ಹಾಗಾದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

## ಅಲ್ಲಿ ಇರುವಾಗ

ನಮ್ಮ ಅಡುಗೆ ಮಾಡ್ಕೋಬಹುದಾ? ಇಡ್ಲಿ ಹಿಟ್ಟು ಹುಳಿ ಬರುತ್ತಾ?

ಅಡುಗೆಮನೆ ಬಳಸಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಕೆಲವರು ಬಿಡುವುದಿಲ್ಲ. ಬಿಟ್ಟರೆ ಕುಕ್ಕರ್ ಇದೆಯೇ ನೋಡಿ. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಕಲ್ಲಿನಂತೇ ಇರುತ್ತದೆ. ಕುಕ್ಕರಿನಲ್ಲೂ ಮುಂಬಯಿಯ ಲೆಕ್ಕಕ್ಕೆ ಒಂದೆರಡು ಸೀಟಿ ಸೇರಿಸಿ. ಕರಿಬೇವು, ಸಾರಿನ ಪುಡಿ, ಹುಣಸೆಹುಳಿ, ಕೊಬ್ಬರಿ ಇಲ್ಲಿಂದಲೇ ಒಯ್ಯಿರಿ. ಅಕ್ಕಿ ಬೇಡ, ಕುಲ್ಲು ಕಣಿವೆಯ ಜಾಟು ಎಂಬ ಕೆಂಪಕ್ಕಿ ಅಲ್ಲೇ ಸಿಗುತ್ತದೆ. ಕುಚ್ಚಲಕ್ಕಿ ಉಂಡು ಬೆಳೆದ ಬಾಯಿಗೆ ಅದು ಸ್ವಂತದ್ದೇ ಅನಿಸುತ್ತದೆ.

ಇಡ್ಲಿ ಹಿಟ್ಟಿನ ಕತೆ ಹೇಳಲೇಬೇಕು. ಒಂದು ವರ್ಷ ಅತ್ತಿಗೆ ಹಟ ಹಿಡಿದು ರುಬ್ಬಿದರು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ರಾತ್ರಿ ಇಟ್ಟರೆ ಹಿಟ್ಟು ಇದ್ದಲ್ಲೇ ಇತ್ತು, ಒಂದು ಗುಳ್ಳೆಯಿಲ್ಲ. ಮನೆಯೊಡತಿ ಬಂದು ಮುಚ್ಚಳ ತೆಗೆದು ಮೂಸಿ, ಏನೂ ಹೇಳದೆ ಪಾತ್ರೆಯನ್ನು ಎತ್ತಿಕೊಂಡು ಹೋಗಿ ತಂದೂರಿನಿಂದ ಒಂದು ಮೊಳ ದೂರದಲ್ಲಿಟ್ಟು ಹಳೆಯ ಶಾಲು ಸುತ್ತಿದಳು. ಅಲ್ಲಿ ಅವಳ ಸಿಡ್ಡು ಹಿಟ್ಟಿನ ಪಾತ್ರೆ ಮೊದಲೇ ಕೂತಿತ್ತು. ಸಿಡ್ಡು ಎಂದರೆ ಉಬ್ಬಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟು, ಗಸಗಸೆ ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬು, ಮೇಲೆ ಧಾರಾಳ ತುಪ್ಪ. ಸಂಜೆಗೆ ಎರಡೂ ಪಾತ್ರೆ ಉಕ್ಕಿದವು. ರಾತ್ರಿ ಒಂದೇ ಹಬೆಪಾತ್ರೆಯಲ್ಲಿ ಕೆಳಗೆ ಅವರ ಸಿಡ್ಡು, ಮೇಲೆ ನಮ್ಮ ಇಡ್ಲಿ ಬೆಂದವು.

ಎರಡು ದಿನದಲ್ಲಿ ಸ್ಕೀ ಕಲಿಯೋಕಾಗುತ್ತಾ? ಬಟ್ಟೆಬರೆ ಇಲ್ಲೇ ಕೊಳ್ಳಬೇಕಾ?

ಎರಡು ದಿನದಲ್ಲಿ ನಿಲ್ಲಲು, ಮೆಲ್ಲಗೆ ಜಾರಲು, ಬೀಳದೆ ನಿಲ್ಲಿಸಲು ಬರುತ್ತದೆ. ಅಷ್ಟಕ್ಕೇ ಮಕ್ಕಳ ಸಂತೋಷ ನೋಡಬೇಕು. ಸೋಲಂಗ್‌ನಲ್ಲಿ ಗಂಟೆ ಲೆಕ್ಕದಲ್ಲಿ ಬೂಟು, ಹಲಗೆ, ಕೋಲು, ಕಲಿಸುವವರು ಸಿಗುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಹನ್ನೊಂದರ ಮೇಲೆ ಜಾತ್ರೆ. ನಿಜವಾಗಿ ಕಲಿಯಬೇಕೆನ್ನುವ ಕಾಲೇಜು ಹುಡುಗ ಹುಡುಗಿಯರು ಮನಾಲಿಯಲ್ಲೇ ಇರುವ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯ ಎರಡು ವಾರದ ಸ್ಕೀ ಕೋರ್ಸಿಗೆ ಸೇರಲಿ. 1961ರಿಂದ ನಡೆಯುತ್ತಿರುವ ಸರಕಾರಿ ಸಂಸ್ಥೆ, ಇಳಿಜಾರಿನಲ್ಲಿ ಗಂಟೆಗೆ ಇಷ್ಟು ಎನ್ನುವವರ ಪಾಠಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಹಿಮದ ಮೇಲಂಗಿ, ಗಂಬೂಟು ಕೊಳ್ಳಬೇಡಿ. ಸೋಲಂಗ್ ರಸ್ತೆಯುದ್ದಕ್ಕೂ ನಂಬರ್ ಹಾಕಿದ ಅಂಗಡಿಗಳಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಟ್ಯಾಕ್ಸಿಯವರು ತಮಗೆ ಗೊತ್ತಿರುವ ನಂಬರಿನ ಮುಂದೆಯೇ ನಿಲ್ಲಿಸುತ್ತಾರೆ, ಅಲ್ಲಿ ದರ ಕೇಳಿ ಮುಂದಿನ ಎರಡು ಅಂಗಡಿಯಲ್ಲೂ ವಿಚಾರಿಸಿ. ಒಳಗೆ ಹಾಕುವ ಥರ್ಮಲ್, ಉಣ್ಣೆಯ ಕಾಲುಚೀಲ, ಟೋಪಿ ಮಾತ್ರ ಸ್ವಂತದ್ದಿರಲಿ. ಚಳಿಗಾಲದಲ್ಲಿ ಪರೇಲ್‌ನಲ್ಲಿ ಸಾಲಾಗಿ ಕೂರುವ ಸ್ವೆಟರ್ ವ್ಯಾಪಾರಿಗಳ ಹತ್ತಿರ ಇವೆಲ್ಲ ಕಡಿಮೆ ಬೆಲೆಗೆ ಸಿಗುತ್ತವೆ.

ಅತ್ತೆಗೆ 74, ಮೊಣಕಾಲು ನೋವು ಬೇರೆ. ಕರ್ಕೊಂಡು ಹೋಗಬಹುದಾ?

ಕರಕೊಂಡು ಹೋಗಿ. ಹಿಮ ನೋಡುವ ಆಸೆ ವಯಸ್ಸಿನೊಂದಿಗೆ ಹೋಗುವುದಿಲ್ಲ. ಕಾರು ಬಾಗಿಲವರೆಗೆ ಬರುವ ಮನೆ, ಮೆಟ್ಟಿಲು ಹತ್ತದೆ ಹೋಗುವ ನೆಲಮಟ್ಟದ ಕೋಣೆ, ಕೋಣೆಗೆ ಅಂಟಿಕೊಂಡೇ ಕಮೋಡ್ ಇರುವ ಬಚ್ಚಲು, ಈ ಮೂರರಲ್ಲಿ ರಾಜಿ ಬೇಡ. ಹೃದಯದ ತೊಂದರೆ, ಉಬ್ಬಸ ಇದ್ದರೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಸುರಂಗದ ಆಚೆ ದಾರಿ 3,000 ಮೀಟರ್ ದಾಟುತ್ತದೆ, ಹಾಗಾಗಿ ಮೊದಲ ಎರಡು ದಿನ ಮನಾಲಿಯಲ್ಲೇ ಇದ್ದು ಆಮೇಲೆ ಹೋಗಿ. ವಶಿಷ್ಠದ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತ ನಮ್ಮ ದೊಡ್ಡಮ್ಮ ಎರಡು ಗಂಟೆ ಏಳಲೇ ಇಲ್ಲ. ದೇವದಾರು ಕಾಡಿನ ನಡುವಿನ ಹಿಡಿಂಬೆಯ ಗುಡಿಯನ್ನೂ ತೋರಿಸಿ. 1553ರಲ್ಲಿ ಕಟ್ಟಿದ ಮರದ ಗುಡಿ ಅದು. ಭೀಮನ ಹೆಂಡತಿಗೆ ಇಲ್ಲಿ ಪೂಜೆಯೇ ಎಂದು ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯ ಹಿರಿಯರು ಬಹಳ ಹೊತ್ತು ಅಲ್ಲೇ ನಿಲ್ಲುತ್ತಾರೆ.

ಹಿಮ ಬಿದ್ದು ಅಲ್ಲೇ ಸಿಕ್ಕಿಹಾಕಿಕೊಂಡರೆ?

ಒಂದೆರಡು ದಿನ ಸಿಕ್ಕಿಹಾಕಿಕೊಳ್ಳುವುದು ಮಾಮೂಲು. ಭಾರೀ ಹಿಮವಾದಾಗ ಸೋಲಂಗ್ ದಾರಿಯ ನೆಹರೂ ಕುಂಡ್‌ನ ಆಚೆ ಫೋರ್ ಬೈ ಫೋರ್ ಗಾಡಿಗಳನ್ನು ಮಾತ್ರ ಪೊಲೀಸರು ಬಿಡುತ್ತಾರೆ. ಹಾಗಾಗಿ ಪಲ್ಚಾನ್ ಕಡೆ ಮನೆ ಹಿಡಿದವರು ವಾಪಸು ಹೊರಡುವ ಹಿಂದಿನ ರಾತ್ರಿಯೇ ಕೆಳಗಿಳಿದು ಬರುವುದು ಮೇಲು. ನಿತ್ಯದ ಮಾತ್ರೆಗಳನ್ನು ಐದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಸ್ವಲ್ಪ ನಗದು ಇರಲಿ. ಕರೆಂಟಿಲ್ಲದಾಗ ಯುಪಿಐಯೂ ಇಲ್ಲ, ಎಟಿಎಂಯೂ ಇಲ್ಲ. ದಾರಿ ಮುಚ್ಚಿ ಹೆಚ್ಚು ದಿನ ಇದ್ದರೆ ಬಾಡಿಗೆ ಎಷ್ಟು ಎಂಬುದನ್ನು ಮುಂಗಡ ಕೊಡುವಾಗಲೇ ಮಾತಾಡಿಕೊಳ್ಳಿ.

ಮನೆಯವರು ಹಾಡು ಹಾಕಬೇಡಿ ಅಂತಾರೆ. ದುಡ್ಡು ಕೊಟ್ಟು ತಾನೇ ಇರೋದು?

ಜನವರಿ ಮಧ್ಯದ ನಂತರ ಹೋಗಿರುತ್ತೀರಿ. ಗೋಶಾಲ್, ಬುರುವಾ, ಶನಾಗ್, ಪಲ್ಚಾನ್, ಸೋಲಂಗ್ ಸೇರಿ ಮನಾಲಿಯ ಸುತ್ತಲಿನ ಒಂಬತ್ತು ಹಳ್ಳಿಗಳಲ್ಲಿ ಮಕರ ಸಂಕ್ರಾಂತಿಯಿಂದ 42 ದಿನ ಮೌನದ ವ್ರತ. ಊರ ದೇವರುಗಳು ಆಗ ಸ್ವರ್ಗಕ್ಕೆ ಹೋಗಿ ತಪಸ್ಸಿನಲ್ಲಿರುತ್ತಾರೆ, ಸದ್ದು ಮಾಡಿದರೆ ಅವರಿಗೆ ಭಂಗ ಎಂಬ ನಂಬಿಕೆ. ಟಿವಿ ಹಚ್ಚುವುದಿಲ್ಲ, ಗುಡಿಯ ಗಂಟೆ ಹೊಡೆಯುವುದಿಲ್ಲ, ಹೊಲಕ್ಕೆ ಇಳಿಯುವುದಿಲ್ಲ. ಕಾಲೇಜು ಹುಡುಗರೂ ಕಿವಿಗೆ ಸಿಕ್ಕಿಸಿಕೊಂಡೇ ಹಾಡು ಕೇಳುತ್ತಾರೆ. ತುಳುನಾಡಿನವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ನಮ್ಮೂರಿನಲ್ಲೂ ಜಾತ್ರೆಯ ಕೊಡಿ (ಧ್ವಜ) ಏರಿದ ಮೇಲೆ ಊರಿನವರು ಕಟ್ಟುಪಾಡು ಮೀರುವುದಿಲ್ಲ, ಬಾಡಿಗೆಗೆ ಬಂದವರು ಅದನ್ನು ಮುರಿದರೆ ನಮಗೆ ಹೇಗಾದೀತು? ಸ್ಪೀಕರ್ ಹಚ್ಚಿ ಕುಣಿಯಲೇಬೇಕೆನ್ನುವವರು ಆ ದಿನಗಳಲ್ಲಿ ಮಾಲ್ ರೋಡಿನ ಹೋಟೆಲ್ ಹಿಡಿಯಿರಿ. ನನ್ನನ್ನು ಕೇಳಿದರೆ ಆ ಹಳ್ಳಿಗಳ ನಿಜವಾದ ಸೊಗಸು ಇರುವುದು ಆ 42 ದಿನಗಳಲ್ಲೇ. ಕೊಂಬೆಯಿಂದ ಹಿಮ ಜಾರಿ ಬೀಳುವುದು ಕೇಳಿಸುತ್ತದೆ.

## ಇನ್ನಷ್ಟು ಯೋಚನೆ ಇರುವವರಿಗೆ

ಒಂದು ತಿಂಗಳು ಅಲ್ಲೇ ಇದ್ದು ಆಫೀಸ್ ಕೆಲಸ ಮಾಡಬಹುದಾ?

ಮಾಡುತ್ತಿರುವವರು ಬಹಳ ಮಂದಿ. ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಫೆಬ್ರವರಿ, ಮಾರ್ಚ್ ಅಲ್ಲೇ ಕಳೆದ. ತಿಂಗಳ ಬಾಡಿಗೆ ದಿನದ ಲೆಕ್ಕಕ್ಕಿಂತ ಅರ್ಧಕ್ಕೂ ಕಡಿಮೆ ಬೀಳುತ್ತದೆ, ಚೌಕಾಸಿ ಮಾಡಿ. ಫೈಬರ್ ಸಂಪರ್ಕ ಮನೆಗೇ ಬಂದಿದೆಯೇ, ವೈಫೈಗೆ ಇನ್ವರ್ಟರ್ ಇದೆಯೇ, ಕರೆಂಟ್ ಬಿಲ್ ಯಾರದು ಎಂದು ತಿಳಿದುಕೊಳ್ಳಿ. ಎರಡು ಬೇರೆ ಕಂಪೆನಿಗಳ ಸಿಮ್ ಇರಲಿ.

ನದಿಯ ಪಕ್ಕದಲ್ಲೇ ಒಂದು ಕಾಟೇಜ್ ಸಿಗ್ತಿದೆ. ಹಿಡೀಲಾ?

ಜನವರಿಯಲ್ಲಿ ಬಿಯಾಸ್ ಸೊರಗಿರುತ್ತದೆ, ಪ್ರವಾಹದ ಭಯವಿಲ್ಲ. ನೀರಿನ ಕಡೆಯ ಗಾಳಿಗೆ ಚಳಿ ಹೆಚ್ಚು, ಅಷ್ಟೇ. ಆದರೆ ಅದೇ ಮನೆಯನ್ನು ಮಳೆಗಾಲಕ್ಕೆ ಹಿಡಿಯಲು ಹೊರಟರೆ ಬೇಡವೆಂದೇ ಹೇಳುತ್ತೇನೆ. 2023ರ ಜುಲೈಯಲ್ಲಿ ಬಿಯಾಸ್ ಉಕ್ಕಿ ದಂಡೆಯ ಕಟ್ಟಡಗಳನ್ನೂ ಹೆದ್ದಾರಿಯನ್ನೂ ಕೊಚ್ಚಿಕೊಂಡು ಹೋಯಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಆಯಿತು. ನಾನು ಚಹಾ ಕುಡಿದಿದ್ದ ಒಂದು ಅಂಗಡಿಯ ಜಾಗದಲ್ಲಿ ಈಗ ಬರೀ ಉರುಟು ಕಲ್ಲುಗಳಿವೆ. ನದಿ ಕಾಣುವಷ್ಟು ಎತ್ತರದಲ್ಲಿರುವ ಮನೆ ಹಿಡಿಯಿರಿ, ನೀರಿನ ಮಟ್ಟದಲ್ಲಿರುವುದನ್ನಲ್ಲ.

ಅಲ್ಲೇ ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಹೇಗೆ?

ಹೋಟೆಲ್ ಉದ್ಯಮದಲ್ಲಿ ಕೈ ಪಳಗಿದ ನಮ್ಮ ಕರಾವಳಿಯವರು ಎರಡನೇ ಸಲ ಹೋಗಿ ಬಂದ ಕೂಡಲೇ ಕೇಳುವ ಪ್ರಶ್ನೆ ಇದು. 1972ರ ಹಿಮಾಚಲ ಪ್ರದೇಶ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ಕೃಷಿಕರಲ್ಲದವರ ಹೆಸರಿಗೆ ರಾಜ್ಯ ಸರಕಾರದ ಅನುಮತಿಯಿಲ್ಲದೆ ಭೂಮಿ ವರ್ಗಾವಣೆ ಆಗುವುದಿಲ್ಲ. ಕ್ರಯ ಮಾತ್ರವಲ್ಲ, ದಾನ, ಲೀಸ್, ಸ್ವಾಧೀನ ಸಹಿತ ಅಡಮಾನವೂ ಇದರೊಳಗೆ ಬರುತ್ತವೆ. "ನಮಗೆ ಕಾರ್ಕಳದಲ್ಲಿ ಅಡಕೆ ತೋಟ ಇದೆ, ನಾವೂ ಕೃಷಿಕರೇ" ಎಂದರೆ ನಡೆಯದು. ಹಿಮಾಚಲದಲ್ಲೇ ಜಮೀನು ಇಟ್ಟುಕೊಂಡು ಸ್ವತಃ ಸಾಗುವಳಿ ಮಾಡುವವರನ್ನಷ್ಟೇ ಆ ಕಾಯ್ದೆ ಕೃಷಿಕರೆಂದು ಒಪ್ಪುತ್ತದೆ.

ಸ್ಥಳೀಯರೊಬ್ಬರ ಹೆಸರಿನಲ್ಲಿ ಕೊಂಡು ನಾವು ನಡೆಸೋಣ ಎಂದು ಹೇಳಿಕೊಡುವ ದಲ್ಲಾಳಿಗಳು ಸಿಗುತ್ತಾರೆ. ಬೇನಾಮಿ ಎಂದು ಸಾಬೀತಾದರೆ ಜಮೀನು ಸರಕಾರದ ಪಾಲಾಗುತ್ತದೆ, ಹಾಕಿದ ಹಣ ಮುಳುಗುತ್ತದೆ. ಆ ಊರಿನ ಸೇಬಿನ ತೋಟಗಳು, ಕಾಠ್‌ಕುಣಿ ಮನೆಗಳು ಇಂದಿಗೂ ಅಲ್ಲಿಯವರ ಕೈಯಲ್ಲೇ ಉಳಿದಿರುವುದಕ್ಕೆ ಈ ಕಾನೂನೂ ಒಂದು ಕಾರಣ. ನಾನು ಪ್ರತಿವರ್ಷ ಉಳಿಯುವ ಮನೆಯೊಡತಿ ಮೇಲಿನ ಮಹಡಿಗೆ ಎರಡು ಕೋಣೆ ಏರಿಸಬೇಕೆಂದಿದ್ದಾಳೆ. ಈ ಸಲ ಮುಂದಿನ ಎರಡು ಚಳಿಗಾಲದ ಬಾಡಿಗೆಯನ್ನು ಅವಳಿಗೆ ಮುಂಗಡವಾಗಿ ಕೊಟ್ಟು ರಸೀದಿ ಬರೆಸಿಕೊಂಡು ಬಂದೆ. ಬಚ್ಚಲಿನ ಪೈಪನ್ನು ಒಳಗೋಡೆಗೆ ಹಾಯಿಸಲು ಒಪ್ಪಿದ್ದಾಳೆ.